ಪಾಲಿಹೌಸ್ ಶೀಟಿಗೆ ಶಾಖ ತಡೆಯುವ ಕೋಟಿಂಗ್: ಅಳೆಯುವುದರಿಂದ ತೊಳೆಯುವವರೆಗೆ

ಫೆಬ್ರವರಿ ಮುಗಿಯುತ್ತಾ ಬಂದ ಹಾಗೆ ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ. "ಶೀಟಿನ ಮೇಲೆ ಬಿಳಿ ಹೊಡೆಸಿದೆ, ಒಳಗೆ ಸೆಕೆ ಮಾತ್ರ ಹಾಗೇ ಇದೆ." "ಹೊಡೆಸಿದ ಮೇಲೆ ಹೂವು ಉದುರೋದು ಇನ್ನೂ ಜಾಸ್ತಿ ಆಯ್ತು." "ಒಂದೇ ಮಳೆಗೆ ಅರ್ಧ ತೊಳೆದು ಹೋಯ್ತು, ಮಿಕ್ಕ ಅರ್ಧ ಏನು ಮಾಡಿದರೂ ಬಿಡ್ತಿಲ್ಲ."

ಕೇಳಿ ನೋಡಿದರೆ ಎಲ್ಲರದ್ದೂ ಒಂದೇ ಕಥೆ. ಮೊದಲು ಡಬ್ಬ ತಂದಿರುತ್ತಾರೆ, ಆಮೇಲೆ ಆಳು ಕರೆಸಿ ಹೊಡೆಸಿರುತ್ತಾರೆ, ಒಳಗೆ ಬೆಳಕು ಎಷ್ಟಿತ್ತು, ಈಗ ಎಷ್ಟಿದೆ ಅಂತ ಯಾರೂ ಅಳೆದಿರುವುದಿಲ್ಲ. ಕೋಟಿಂಗ್ ಕೆಟ್ಟದ್ದಲ್ಲ, ಕೆಲಸದ ಕ್ರಮ ತಲೆಕೆಳಗಾಗಿದೆ ಅಷ್ಟೆ. ಅದಕ್ಕೇ ಇಲ್ಲಿ ಒಂದೊಂದು ಹಂತವನ್ನೂ ಅದರ ಜಾಗದಲ್ಲೇ ಇಟ್ಟು ಬರೆಯುತ್ತಿದ್ದೇನೆ. ಹಂತ ಬಿಟ್ಟು ಮುಂದೆ ಹೋಗಬೇಡಿ.

ಇದು ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ನಾವು ಹಾಕಿಕೊಂಡಿರುವ ಪ್ಲಾಸ್ಟಿಕ್ ಹೊದಿಕೆಯ ಬೆಳೆ ಮನೆಗೆ, ಅಂದರೆ ಮಾಮೂಲಿ ಪಾಲಿಹೌಸ್‌ಗೆ ಬರೆದದ್ದು. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, 200 ಮೈಕ್ರಾನ್ ಶೀಟು, ಮೇಲೆ ಗಾಳಿ ಕಿಂಡಿ, ಪಕ್ಕದಲ್ಲಿ ಸುತ್ತಿ ತೆರೆಯುವ ಕರ್ಟನ್, ಫ್ಯಾನ್ ಇಲ್ಲ. ಬೆಳೆ ಕ್ಯಾಪ್ಸಿಕಂ, ಸೌತೆ, ಜರ್ಬೆರಾ, ಗುಲಾಬಿ.

ಶುರು ಮಾಡುವ ಮೊದಲು ಇಷ್ಟು ಗೊತ್ತಿರಲಿ

ಬಿಸಿಲಿನಲ್ಲಿ ಮೂರು ಭಾಗ ಇದೆ. 400ರಿಂದ 700 ನ್ಯಾನೋಮೀಟರ್ ನಡುವಿನದು ಗಿಡ ಊಟಕ್ಕೆ ಬಳಸುವ ಬೆಳಕು. ಇದು ಒಟ್ಟು ಶಕ್ತಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ. 700ರ ಮೇಲಿನದು ಇನ್‌ಫ್ರಾರೆಡ್. ಕಣ್ಣಿಗೆ ಕಾಣುವುದಿಲ್ಲ, ಗಿಡದ ಊಟಕ್ಕೂ ಬರುವುದಿಲ್ಲ, ಆದರೆ ಮಣ್ಣು, ಪೈಪು, ಬೆಡ್ಡಿನ (ಗಿಡ ನೆಟ್ಟ ಮಡಿಯ) ಮೇಲಿನ ಶೀಟು ಎಲ್ಲವನ್ನೂ ಕಾಯಿಸುತ್ತದೆ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಇದೇ. ಮಿಕ್ಕ ಚೂರು ಅಲ್ಟ್ರಾವಯಲೆಟ್.

ಸೆಲೆಕ್ಟಿವ್ ಕೋಟಿಂಗ್ ಅಂದರೆ ಈ ಇನ್‌ಫ್ರಾರೆಡ್ ಭಾಗವನ್ನು ಜಾಸ್ತಿ ವಾಪಸ್ ಕಳಿಸಿ, ಊಟದ ಬೆಳಕನ್ನು ಆದಷ್ಟು ಒಳಗೆ ಬಿಡುವ ಲೇಪನ. "ಆದಷ್ಟು" ಅನ್ನುವ ಮಾತು ನೆನಪಿಡಿ. ಎಷ್ಟೇ ಒಳ್ಳೆಯ ಕೋಟಿಂಗ್ ಆದರೂ ಬೆಳಕೂ ಸ್ವಲ್ಪ ಕಡಿಮೆಯಾಗಿಯೇ ಆಗುತ್ತದೆ. ಬೆಳಕು ಒಂಚೂರೂ ಕಡಿಮೆಯಾಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಒಳಗಿನ ಶೇಡ್ ನೆಟ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ ಒಂದಿದೆ. ಹಸಿರು ಅಥವಾ ಕಪ್ಪು ನೆಟ್ ಬಿಸಿಲನ್ನು ತಡೆಯುವುದು ನಿಜ, ಆದರೆ ತಡೆದ ಶಾಖವನ್ನು ತಾನೇ ಹೀರಿಕೊಂಡು ಮನೆಯ ಒಳಗೇ ಬಿಡುತ್ತದೆ. ಕೋಟಿಂಗ್ ಶಾಖವನ್ನು ಶೀಟಿನ ಹೊರಗೇ ತಿರುಗಿಸಿ ಕಳಿಸುತ್ತದೆ. ಅದಕ್ಕೇ ಇದನ್ನು ಯಾವಾಗಲೂ ಶೀಟಿನ ಹೊರಮೈಗೇ ಹೊಡೆಯಬೇಕು. ಒಳಗಿನಿಂದ ಹೊಡೆದರೆ ಸುಲಭ ಅಂತ ಒಳಗೆ ಹೊಡೆಸಿದವರನ್ನು ನೋಡಿದ್ದೇನೆ. ಬೆಳಗಿನ ಇಬ್ಬನಿ ಹನಿಯ ಜೊತೆ ಬಿಳಿ ನೀರು ಗಿಡದ ಮೇಲೆ ಬೀಳುತ್ತಿತ್ತು.

ಹಂತ 1: ಮೊದಲು ಗಾಳಿ, ಆಮೇಲೆ ಬಣ್ಣ

"ಸೆಕೆ ಹಾಗೇ ಇದೆ" ಅನ್ನುವವರಲ್ಲಿ ಅರ್ಧ ಜನರ ಸಮಸ್ಯೆ ಇಲ್ಲೇ ಮುಗಿಯುತ್ತದೆ. ಫ್ಯಾನ್ ಇಲ್ಲದ ಮನೆಯಲ್ಲಿ ಬಿಸಿ ಗಾಳಿ ಮೇಲಿನ ಕಿಂಡಿಯಿಂದ ಹೊರಗೆ ಹೋಗಿ, ಪಕ್ಕದ ನೆಟ್‌ನಿಂದ ತಂಪು ಗಾಳಿ ಒಳಗೆ ಬರಬೇಕು. ನಮ್ಮ ಕಡೆ ಹುಳ ತಡೆಯುವ ಇನ್ಸೆಕ್ಟ್ ನೆಟ್ 40 ಮೆಶ್ (ಇಂಚಿಗೆ 40 ಕಣ್ಣು) ಇರುತ್ತದೆ, ಕೆಲವರದ್ದು 50. ಆ ಸಣ್ಣ ಕಣ್ಣುಗಳಲ್ಲಿ ಕೆಂಪು ಧೂಳು ಕೂತರೆ ಗೋಡೆ ಕಟ್ಟಿದ ಹಾಗೆ. ರಸ್ತೆ ಪಕ್ಕದ ಮನೆಗಳಲ್ಲಂತೂ ಜನವರಿಯಿಂದಲೇ ಕಟ್ಟಿಕೊಳ್ಳಲು ಶುರುವಾಗುತ್ತದೆ.

ನೆಟ್ ಅನ್ನು ಒಳಗಿನಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ. ಪ್ರೆಶರ್ ಮೆಲ್ಲಗಿರಲಿ, ಗನ್ನು ಹತ್ತಿರ ಹಿಡಿದರೆ ನೆಟ್ ಹರಿಯುತ್ತದೆ. ಕರ್ಟನ್ ಪೂರ್ತಿ ತೆರೆಯುತ್ತಿದೆಯಾ, ಮೇಲಿನ ಕಿಂಡಿಗೆ ಏನಾದರೂ ಅಡ್ಡ ಇದೆಯಾ, ಪಕ್ಕದಲ್ಲಿ ಬೆಳೆದ ಬೇಲಿ ಗಿಡ ಗಾಳಿ ತಡೆಯುತ್ತಿದೆಯಾ ನೋಡಿ. ಇದೆಲ್ಲ ಮುಗಿಸಿ ಎರಡು ದಿನ ಬಿಟ್ಟು ಒಳಗಿನ ಬಿಸಿ ನೋಡಿ. ಆಮೇಲೂ ಮಧ್ಯಾಹ್ನ ತಡೆಯಲಾಗದಿದ್ದರೆ ಮಾತ್ರ ಮುಂದಕ್ಕೆ.

ಹಂತ 2: ಬೆಳಕು ಮತ್ತು ಬಿಸಿ ಅಳೆಯುವುದು

ಬೇಕಾದ್ದು ಮೂರು ಸಾಧನ. 2 ಲಕ್ಷ ಲಕ್ಸ್‌ವರೆಗೆ (ಲಕ್ಸ್ ಅಂದರೆ ಬೆಳಕಿನ ಅಳತೆ) ಓದುವ ಲಕ್ಸ್ ಮೀಟರ್, ಒಂದು ಮಾಮೂಲಿ ಥರ್ಮಾಮೀಟರ್, ಮತ್ತು ಎಲೆಯ ಬಿಸಿ ನೋಡಲು ಗನ್ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್. ಫೋನಿನ ಆ್ಯಪ್ ಬೇಡ. ಎರಡು ಫೋನಿನಲ್ಲಿ ಎರಡು ಥರ ತೋರಿಸುತ್ತದೆ.

ಮೋಡ ಇಲ್ಲದ ದಿನ, ಮಧ್ಯಾಹ್ನ 12ರ ಆಸುಪಾಸು ಹೊರಗಿನ ಬಯಲಿನಲ್ಲಿ ಒಂದು ಸಲ ಅಳೆಯಿರಿ. ತಕ್ಷಣ ಒಳಗೆ ಬಂದು ಐದು ಜಾಗದಲ್ಲಿ, ಗಿಡದ ತುದಿಯ ಎತ್ತರದಲ್ಲಿ, ಮೀಟರಿನ ಕಣ್ಣು ಆಕಾಶಕ್ಕೆ ನೇರವಾಗಿ ಇಟ್ಟು ಅಳೆಯಿರಿ. ಪೈಪಿನ ನೆರಳು ಬೀಳುವ ಜಾಗ ಬೇಡ. ಕೊನೆಗೆ ಮತ್ತೆ ಹೊರಗೆ ಹೋಗಿ ಅಳೆಯಿರಿ. ಹೊರಗಿನ ಎರಡು ಅಂಕಿಯಲ್ಲಿ ಜಾಸ್ತಿ ವ್ಯತ್ಯಾಸ ಬಂದರೆ ನಡುವೆ ಮೋಡ ಹಾದುಹೋಗಿದೆ ಅಂತ ಅರ್ಥ, ಮತ್ತೆ ಮೊದಲಿಂದ ಮಾಡಿ.

ಹೊರಗೆ 1,00,000 ಲಕ್ಸ್, ಒಳಗೆ ಸರಾಸರಿ 68,000 ಬಂತು ಅಂತ ಇಟ್ಟುಕೊಳ್ಳಿ. ನಿಮ್ಮ ಶೀಟು 68 ಪರ್ಸೆಂಟ್ ಬೆಳಕು ಬಿಡುತ್ತಿದೆ. ಈಗ ಒಂದು ಬೇ (ಮಳೆ ನೀರು ಹರಿಯುವ ಎರಡು ಗಟರುಗಳ ನಡುವಿನ ಚಾವಣಿಯ ಒಂದು ಕಮಾನು) ಮಾತ್ರ ಚೆನ್ನಾಗಿ ತೊಳೆದು ಅದರ ಕೆಳಗೆ ಅಳೆಯಿರಿ. 78 ಬಂದರೆ ಆ 10 ಪರ್ಸೆಂಟ್ ಬರೀ ಧೂಳು. ಧೂಳಿನ ಮೇಲೆ ಲೆಕ್ಕ ಹಾಕಿ ಕೋಟಿಂಗ್ ಹೊಡೆಯಬಾರದು, ತೊಳೆದ ಶೀಟಿನ ಅಂಕಿಯೇ ನಿಮ್ಮ ಅಂಕಿ.

ಥರ್ಮಾಮೀಟರ್ ವಿಷಯದಲ್ಲಿ ಆಗುವ ತಪ್ಪು ಒಂದೇ, ಅದನ್ನು ಬಿಸಿಲಿಗೆ ನೇತು ಹಾಕುವುದು. ಆಗ ಅದು ತೋರಿಸುವುದು ಗಾಳಿಯ ಬಿಸಿ ಅಲ್ಲ, ತನ್ನದೇ ಬಿಸಿ. ಬಿಳಿ ಪೇಂಟಿನ ಹಳೆ ಡಬ್ಬದ ತಳ ಕತ್ತರಿಸಿ, ಎರಡೂ ಕಡೆ ತೆರೆದಿರುವಂತೆ ಮಲಗಿಸಿ ಕಟ್ಟಿ, ಅದರ ಒಳಗೆ ಥರ್ಮಾಮೀಟರ್ ಇಡಿ. ಗಾಳಿ ಆಡಬೇಕು, ಬಿಸಿಲು ತಾಗಬಾರದು. ಎಲೆಯ ಬಿಸಿಯನ್ನು ಮೇಲಿನ, ಬಿಸಿಲು ಬೀಳುವ ಎಲೆಗಳ ಮೇಲೆ ಗನ್ ಹತ್ತಿರ ಹಿಡಿದು ನೋಡಿ. ಹತ್ತು ಎಲೆ ನೋಡಿ ಸರಾಸರಿ ಬರೆದಿಡಿ.

ಇನ್ನೊಂದು ಮಾತು. ಲಕ್ಸ್ ಮೀಟರ್‌ಗೆ ಇನ್‌ಫ್ರಾರೆಡ್ ಕಾಣುವುದೇ ಇಲ್ಲ. ಹಾಗಾಗಿ ಸೆಲೆಕ್ಟಿವ್ ಕೋಟಿಂಗ್ ಶಾಖ ಎಷ್ಟು ತಡೆದಿದೆ ಅನ್ನುವುದನ್ನು ಲಕ್ಸ್ ಮೀಟರ್ ಹೇಳಲಾರದು. ಅದು ಹೇಳುವುದು ಬೆಳಕು ಎಷ್ಟು ಕಳೆದುಕೊಂಡಿರಿ ಅನ್ನುವುದನ್ನು. ಶಾಖದ ಲೆಕ್ಕ ಥರ್ಮಾಮೀಟರ್‌ದು. ಇವೆರಡನ್ನೂ ಬೆರೆಸಬೇಡಿ.

ಹಂತ 3: ಯಾವ ಥರದ ಕೋಟಿಂಗ್ ಅಂತ ತೀರ್ಮಾನ

ಡಬ್ಬದ ಮೇಲೆ ಎಲ್ಲವೂ ಬಿಳಿಯೇ. ಕೆಲಸ ಮಾತ್ರ ಬೇರೆ ಬೇರೆ. ಬರೀ ನೆರಳು ಕೊಡುವುದು ಒಂದು, ಬೆಳಕನ್ನು ಚದುರಿಸುವುದು ಇನ್ನೊಂದು, ಶಾಖ ತಡೆಯುವುದು ಮತ್ತೊಂದು. ನೆದರ್‌ಲೆಂಡ್ಸ್‌ನ ಲುಮಿಫೋರ್ಟೆ ಕಂಪನಿ (ಮೊದಲು ಮಾರ್ಡೆನ್‌ಕ್ರೊ ಅಂತಿತ್ತು) ಇವಕ್ಕೆ ರೆಡುಸೋಲ್, ರೆಡುಫ್ಯೂಸ್, ರೆಡುಹೀಟ್ ಅಂತ ಬೇರೆ ಬೇರೆ ಹೆಸರಿಟ್ಟು ಮಾರುತ್ತದೆ. ಬೇರೆ ಕಂಪನಿಗಳದ್ದೂ ಇದೇ ಮೂರು ಥರ. ಅಂಗಡಿಯಲ್ಲಿ "ಶೇಡಿಂಗ್ ಪೇಂಟ್ ಕೊಡಿ" ಅಂದರೆ ಮೊದಲನೆಯದೇ ಕೈಗೆ ಬರುತ್ತದೆ. ಇನ್‌ಫ್ರಾರೆಡ್ ತಡೆಯುವುದಾ, ಪ್ಲಾಸ್ಟಿಕ್ ಶೀಟಿಗೆ ಆಗುತ್ತದಾ, ತೆಗೆಯುವ ದ್ರಾವಣ ಸಿಗುತ್ತದಾ ಅಂತ ಮೂರು ಪ್ರಶ್ನೆ ಕೇಳಿಯೇ ದುಡ್ಡು ಕೊಡಿ.

ಕ್ಯಾಪ್ಸಿಕಂ, ಸೌತೆ, ಗುಲಾಬಿಯಂಥ ಬೆಳಕು ಬೇಡುವ ಬೆಳೆಗೆ ಶಾಖ ತಡೆಯುವುದೇ ಸರಿ. ಆಂಥೂರಿಯಂಗೆ 15,000ರಿಂದ 20,000 ಲಕ್ಸ್ ಸಾಕಾಗುತ್ತದೆ, ಅದಕ್ಕೆ ಹೇಗೂ ಗಟ್ಟಿ ನೆರಳು ಬೇಕು, ಸುಮ್ನೆ ಸೆಲೆಕ್ಟಿವ್‌ಗೆ ಜಾಸ್ತಿ ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ನಿಮ್ಮ ಶೀಟು ಮೊದಲೇ ಬೆಳಕು ಚದುರಿಸುವ ಥರದ್ದಾಗಿದ್ದರೆ ಚದುರಿಸುವ ಕೋಟಿಂಗ್‌ನಿಂದ ಲಾಭ ಕಡಿಮೆ. ಇದನ್ನು ತಿಳಿಯಲು ಮಧ್ಯಾಹ್ನ ಒಳಗೆ ನಿಂತು ನೆಲದ ಮೇಲೆ ಕೈಯ ನೆರಳು ನೋಡಿ. ಅಂಚು ಮಸುಕಾಗಿದ್ದರೆ ಶೀಟು ಚದುರಿಸುತ್ತಿದೆ.

ಸುಣ್ಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಗ್ಗ ಅನ್ನುವುದು ನಿಜ. ಆದರೆ ಸುಣ್ಣ ಆಯ್ದು ತಡೆಯುವುದಿಲ್ಲ, ಊಟದ ಬೆಳಕನ್ನೂ ಶಾಖದ ಜೊತೆಗೇ ಕಳಿಸಿಬಿಡುತ್ತದೆ. ಅದರ ಕ್ಷಾರ ಶೀಟು ಸಿಕ್ಕಿಸುವ ಅಲ್ಯೂಮಿನಿಯಂ ಪ್ರೊಫೈಲನ್ನೂ ಜಿಐ ಗಟರಿನ ಸತುವನ್ನೂ ತಿನ್ನುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಬೇರೆ ದಾರಿಯೇ ಇಲ್ಲ ಅಂದರೆ ಸುಣ್ಣದ ಬದಲು ಚಾಕ್ ಪೌಡರ್ ತೆಳ್ಳಗೆ ಹೊಡೆಯಿರಿ, ಅದರಲ್ಲಿ ಆ ಕ್ಷಾರ ಇಲ್ಲ. ಗೋಡೆಗೆ ಬಳಿಯುವ ಡಿಸ್ಟೆಂಪರ್, ಎಮಲ್ಷನ್ ಮಾತ್ರ ಯಾವ ಕಾರಣಕ್ಕೂ ಬೇಡ. ಅದನ್ನು ತೆಗೆಯಲು ಹೋಗಿ ಶೀಟೇ ಹಾಳಾಗುತ್ತದೆ.

ಶೀಟಿನ ವಾರಂಟಿ ಕಾಗದವನ್ನೂ ಒಮ್ಮೆ ಓದಿ. ಮೇಲೆ ಏನಾದರೂ ಹೊಡೆಯುವುದಕ್ಕೆ ಷರತ್ತು ಇದ್ದರೆ ಮಾರಿದವರನ್ನು ಕೇಳಿ ಬರಹದಲ್ಲಿ ಉತ್ತರ ತಗೊಳ್ಳಿ.

ಹಂತ 4: ಎಷ್ಟು ತಡೆಯಬೇಕು, ಎಷ್ಟು ಮಾಲು ಬೇಕು

ಕ್ಯಾಪ್ಸಿಕಂಗೆ ಮಧ್ಯಾಹ್ನ 50,000ರಿಂದ 60,000 ಲಕ್ಸ್, ಜರ್ಬೆರಾಗೆ 40,000ರಿಂದ 50,000 ಅಂತ ನಾವು ಹಿಡಿಯುವ ಲೆಕ್ಕ. ತೊಳೆದ ಮೇಲೆ ಒಳಗೆ 78,000 ಇದೆ, ಕ್ಯಾಪ್ಸಿಕಂಗೆ 55,000 ಬೇಕು ಅಂದರೆ, 55ನ್ನು 78ರಿಂದ ಭಾಗಿಸಿ. ಸುಮಾರು 0.70. ಅಂದರೆ ಕೋಟಿಂಗ್ 70 ಪರ್ಸೆಂಟ್ ಬೆಳಕು ಬಿಡಬೇಕು, 30 ತಡೆಯಬೇಕು.

ಆದರೆ ನಾನು ಮೊದಲ ಸಲಕ್ಕೆ 30 ತಡೆಯಲು ಹೋಗುವುದಿಲ್ಲ. 20ಕ್ಕೆ ನಿಲ್ಲಿಸುತ್ತೇನೆ. ಯಾಕೆ ಅಂದರೆ ಈ ಅಂಕಿ ನಡು ಮಧ್ಯಾಹ್ನದ್ದು. ಬೆಳಿಗ್ಗೆ 9ಕ್ಕೆ, ಸಂಜೆ 4ಕ್ಕೆ ಹೊರಗೆ ಅಷ್ಟು ಬೆಳಕೇ ಇರುವುದಿಲ್ಲ, ಕೋಟಿಂಗ್ ಮಾತ್ರ ಆಗಲೂ ಅಷ್ಟೇ ಪಾಲು ಕಿತ್ತುಕೊಳ್ಳುತ್ತಿರುತ್ತದೆ. ನೆಟ್ ಆದರೆ ಎಳೆದು ತೆರೆಯಬಹುದು, ಕೋಟಿಂಗ್ ಹಾಗಲ್ಲ. ಗಿಡ ಲೆಕ್ಕ ಹಾಕುವುದು ಇಡೀ ದಿನದ ಬೆಳಕನ್ನು. ಕಡಿಮೆಯಾದರೆ ಇನ್ನೊಂದು ಕೈ ಹೊಡೆಯಬಹುದು, ಜಾಸ್ತಿಯಾದರೆ ತೆಗೆಯುವುದು ದೊಡ್ಡ ತಲೆನೋವು. ಮಧ್ಯಾಹ್ನದ ಎರಡು ಮೂರು ಗಂಟೆಗೆ ಒಳಗಿನ ನೆಟ್ ಎಳೆದುಕೊಂಡರೆ ಉಳಿದ ಹತ್ತು ಪರ್ಸೆಂಟ್ ಅಲ್ಲಿ ಸರಿಹೋಗುತ್ತದೆ.

ಇಲ್ಲೇ ದೊಡ್ಡ ತಪ್ಪು ನಡೆಯುವುದು. ಕೋಟಿಂಗ್ ಹೊಡೆಸಿ, 50 ಪರ್ಸೆಂಟ್ ನೆಟ್ಟನ್ನೂ ಬೆಳಗಿನಿಂದ ಸಂಜೆವರೆಗೆ ಮುಚ್ಚಿಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಿ: 1,00,000ದಲ್ಲಿ ಶೀಟು ಬಿಟ್ಟದ್ದು 78,000, ಕೋಟಿಂಗ್ ಬಿಟ್ಟದ್ದು 55,000, ನೆಟ್ ಬಿಟ್ಟದ್ದು 27,500. ಕ್ಯಾಪ್ಸಿಕಂ ಹೂವು ಉದುರಿಸದೆ ಇನ್ನೇನು ಮಾಡುತ್ತದೆ?

ಮಾಲಿನ ಲೆಕ್ಕ ನೆಲದ ಅಳತೆಯಿಂದ ಬೇಡ. ಚಾವಣಿ ಬಾಗಿರುತ್ತದೆ, ಹಾಗಾಗಿ ನೆಲಕ್ಕಿಂತ ಅದರ ಮೈ ದೊಡ್ಡದು. ಒಂದು ಬೇಯ ಮೇಲೆ ಈ ಗಟರಿನಿಂದ ಆ ಗಟರಿಗೆ ದಾರ ಹಾಯಿಸಿ ಅಳೆದುಬಿಡಿ. 8 ಮೀಟರ್ ಅಗಲದ ಬೇಗೆ 9.2 ಮೀಟರ್ ದಾರ ಹಿಡಿದರೆ, 50 ಮೀಟರ್ ಉದ್ದಕ್ಕೆ 460 ಚದರ ಮೀಟರ್. ಇಂಥ 10 ಬೇ ಇರುವ 4000 ಚದರ ಮೀಟರ್ ಮನೆಗೆ ಚಾವಣಿ 4600.

ಆಮೇಲೆ ಬರೀ ನೀರಿನಲ್ಲಿ ಒಂದು ಬೇ ಹೊಡೆಸಿ ನೋಡಿ. ನಿಮ್ಮ ಆಳು, ನಿಮ್ಮ ಗನ್ನು, ಅವರ ನಡಿಗೆ. ಹಿಂದೆ ತುಂಬಿಟ್ಟ ಡ್ರಮ್ಮಿನಿಂದ ಎಷ್ಟು ಲೀಟರ್ ಖಾಲಿಯಾಯಿತು ಅಂತ ನೋಡಿ. 40 ಲೀಟರ್ ಆದರೆ ಇಡೀ ಮನೆಗೆ 400. ಲೇಬಲ್ಲಿನಲ್ಲಿ ನಿಮಗೆ ಬೇಕಾದ ನೆರಳಿಗೆ 1000 ಚದರ ಮೀಟರಿಗೆ 10 ಕೆಜಿ ಅಂತ ಬರೆದಿದೆ ಅನ್ನಿ (ಇದು ಲೆಕ್ಕ ತೋರಿಸಲು ಹಿಡಿದ ಅಂಕಿ, ನಿಮ್ಮ ಡಬ್ಬದ ಅಂಕಿಯೇ ನಿಮಗೆ). 4600ಕ್ಕೆ 46 ಕೆಜಿ. ಅದನ್ನು 400 ಲೀಟರಿಗೆ ಹಂಚಿದರೆ 200 ಲೀಟರ್ ಡ್ರಮ್ಮಿಗೆ 23 ಕೆಜಿ. ಈ ನೀರಿನ ಪರೀಕ್ಷೆ ಮಾಡದೆ "ಡ್ರಮ್ಮಿಗೆ ಒಂದು ಡಬ್ಬ" ಅಂತ ಸುರಿಯುವುದರಿಂದಲೇ ಒಂದು ಬೇ ಹಾಲಿನಂತೆ, ಇನ್ನೊಂದು ಬೇ ಮಜ್ಜಿಗೆ ನೀರಿನಂತೆ ಆಗುವುದು.

ಹಂತ 5: ಯಾವಾಗ ಹೊಡೆಯಬೇಕು

ಬೆಂಗಳೂರಿನ ಸುತ್ತ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳದ ದಿನ ಅದು. ಅದರ ಹಿಂದೆ ಮುಂದೆ ಚಾವಣಿಗೆ ಬಿಸಿಲು ನೇರ. ಕೋಟಿಂಗ್ ಬೇಕಾದ್ದು ಆ ಕಾಲಕ್ಕೆ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ ಹೊಡೆಯಿರಿ. ಏಪ್ರಿಲ್ ಬಂದ ಮೇಲೆ ಮಳೆ ಯಾವತ್ತು ಬರುತ್ತದೆ ಅಂತ ಹೇಳಲಾಗುವುದಿಲ್ಲ, ಪೂರ್ತಿ ಒಣಗುವ ಮೊದಲು ಮಳೆ ಬಿದ್ದರೆ ಹಾಕಿದ ದುಡ್ಡು ಗಟರಿಗೆ. ಸೂರ್ಯ ಆಗಸ್ಟಿನಲ್ಲಿ ಮತ್ತೆ ನೆತ್ತಿಗೆ ಬಂದರೂ ಆಗ ಮೋಡ ಇರುತ್ತದೆ, ಕೋಟಿಂಗ್ ಬೇಕಾಗುವುದಿಲ್ಲ.

ಹೊಸದಾಗಿ ನೆಟ್ಟ ಸಸಿಗೋಸ್ಕರ ಕೋಟಿಂಗ್ ಹೊಡೆಯಬೇಡಿ. ಮೊದಲ ಎರಡು ಮೂರು ವಾರ ಅವಕ್ಕೆ ನೆಟ್ ಸಾಕು.

ಹಂತ 6: ಚಾವಣಿ, ಗಟರ್, ಹೊಂಡ ಸಿದ್ಧ ಮಾಡುವುದು

ಮೊದಲ ಕೆಲಸ ಗಟರ್ ಪೈಪು. ನಮ್ಮಲ್ಲಿ ತುಂಬಾ ಜನ ಚಾವಣಿ ನೀರನ್ನು ಕೃಷಿ ಹೊಂಡಕ್ಕೆ ಬಿಟ್ಟುಕೊಂಡಿದ್ದಾರೆ. ನಾನು ಮೊದಲ ವರ್ಷ ಆ ಪೈಪನ್ನು ಬಿಚ್ಚದೆ ಹೊಡೆಸಿಬಿಟ್ಟೆ. ಶೀಟು ತೊಳೆದ ಕೆಸರು, ಹೆಚ್ಚಾಗಿ ಸೋರಿದ ಬಿಳಿ ನೀರು ಎಲ್ಲ ಹೊಂಡಕ್ಕಿಳಿದು, ಆ ಬೇಸಿಗೆ ಪೂರ್ತಿ ಡ್ರಿಪ್ ಫಿಲ್ಟರ್ ದಿನಕ್ಕೆರಡು ಸಲ ತೊಳೆಯಬೇಕಾಯಿತು. ಪೈಪನ್ನು ಹೊಂಡದಿಂದ ಬಿಡಿಸಿ, ಖಾಲಿ ಜಾಗಕ್ಕೆ ತಿರುಗಿಸಿ. ಹೊಡೆದ ಮೇಲೂ ಮೊದಲ ಒಂದೆರಡು ಮಳೆಯ ನೀರು ಹೊಂಡಕ್ಕೆ ಬೇಡ.

ಆಮೇಲೆ ಚಾವಣಿ ತೊಳೆಯಿರಿ. ಉದ್ದ ಕೋಲಿಗೆ ಮೆತ್ತನೆ ಬ್ರಶ್ ಅಥವಾ ಬಟ್ಟೆ ಕಟ್ಟಿ, ಬರೀ ನೀರಿನಲ್ಲಿ. ಸೋಪು ಹಾಕಿದರೆ ಪೂರ್ತಿ ಹೋಗುವ ತನಕ ತೊಳೆಯಬೇಕು, ಜಿಡ್ಡು ಉಳಿದ ಕಡೆ ಕೋಟಿಂಗ್ ಹಿಡಿಯುವುದಿಲ್ಲ. ಕೋಟಿಂಗ್ ಹೊಡೆದ ಮೇಲೆ ಮೂರು ತಿಂಗಳು ಶೀಟು ತೊಳೆಯಲಾಗುವುದಿಲ್ಲ, ಅದಕ್ಕೆ ಈಗಲೇ ಚೆನ್ನಾಗಿ. ಹರಿದ ಕಡೆ ಟೇಪ್ ಹಾಕಿ, ಸಡಿಲಾದ ಶೀಟು ಎಳೆದು ಅದನ್ನು ಹಿಡಿದಿಡುವ ಸ್ಪ್ರಿಂಗ್ ಸರಿಯಾಗಿ ಕೂರಿಸಿ. ಸಡಿಲ ಶೀಟು ಗಾಳಿಗೆ ಬಡಿದುಕೊಂಡರೆ ಕೋಟಿಂಗ್ ಚಕ್ಕೆ ಚಕ್ಕೆಯಾಗಿ ಉದುರುತ್ತದೆ.

ಆಳುಗಳ ವಿಷಯ. ಗಟರ್ ನೆಲದಿಂದ 4 ಮೀಟರಿಗೂ ಮೇಲಿರುತ್ತದೆ. ಒದ್ದೆ ಗಟರ್ ಜಾರುತ್ತದೆ. ಸೇಫ್ಟಿ ಬೆಲ್ಟ್ ಮತ್ತು ಹಗ್ಗ ಇಲ್ಲದೆ ಯಾರನ್ನೂ ಹತ್ತಿಸಬೇಡಿ, ಶೀಟಿನ ಮೇಲೆ ಕಾಲಿಡಲು ಬಿಡಬೇಡಿ, ಪಕ್ಕದಲ್ಲಿ ಕರೆಂಟ್ ತಂತಿ ಹಾದುಹೋಗಿದ್ದರೆ ಆ ಕಡೆ ಲೋಹದ ಉದ್ದ ಕೋಲು ಬೇಡವೇ ಬೇಡ. ಕೂಲಿ ಎಷ್ಟೇ ಕೊಟ್ಟರೂ ಬಿದ್ದವರ ಬೆನ್ನು ಸರಿಹೋಗುವುದಿಲ್ಲ.

ಹಂತ 7: ಒಂದು ತುಂಡು ಹೊಡೆದು ನೋಡುವುದು

ಇದನ್ನು ಬಿಡುವವರೇ ಜಾಸ್ತಿ. ಒಂದು ಬೇಯಲ್ಲಿ 5 ಮೀಟರ್ ಉದ್ದ ಮಾತ್ರ ಹೊಡೆದು ಪೂರ್ತಿ ಒಣಗಲು ಬಿಡಿ. ಒದ್ದೆ ಇರುವಾಗ ಕೋಟಿಂಗ್ ತೆಳ್ಳಗೆ ಕಾಣುತ್ತದೆ, ಒಣಗಿದ ಮೇಲೆಯೇ ಅದರ ನಿಜವಾದ ಬಿಳುಪು ಬರುವುದು. "ಏನೂ ಕಾಣ್ತಿಲ್ಲ, ಇನ್ನೊಂದು ಕೈ ಹೊಡಿ" ಅಂತ ಒದ್ದೆಯಲ್ಲೇ ಹೊಡೆಸಿದವರು ಸಂಜೆಗೆ ತಲೆ ಮೇಲೆ ಕೈ ಇಟ್ಟುಕೊಂಡಿದ್ದಾರೆ.

ಮಾರನೇ ದಿನ ಮಧ್ಯಾಹ್ನ ಆ ತುಂಡಿನ ಕೆಳಗೂ, ಪಕ್ಕದ ಖಾಲಿ ಶೀಟಿನ ಕೆಳಗೂ ಲಕ್ಸ್ ಅಳೆಯಿರಿ. ತುಂಡು ಚಿಕ್ಕದಾದ್ದರಿಂದ ಪಕ್ಕದ ಬೆಳಕು ಒಳನುಗ್ಗುತ್ತದೆ, ಮೀಟರನ್ನು ಶೀಟಿಗೆ ಹತ್ತಿರ ಹಿಡಿದು ಅಳೆದರೆ ಸರಿಯಾದ ಅಂಕಿ ಸಿಗುತ್ತದೆ. ಅಂದುಕೊಂಡದ್ದಕ್ಕಿಂತ ಜಾಸ್ತಿ ತಡೆದಿದ್ದರೆ ನೀರು ಹೆಚ್ಚಿಸಿ. ತೆಗೆಯುವ ದ್ರಾವಣವನ್ನೂ ಇದೇ ತುಂಡಿನ ಒಂದು ಮೂಲೆಯಲ್ಲಿ ಈಗಲೇ ಪ್ರಯೋಗಿಸಿ ನೋಡಿ. ಬಿಡುತ್ತದೋ ಇಲ್ಲವೋ ಅನ್ನುವುದು ಒಂದು ಎಕರೆ ಹೊಡೆಯುವ ಮೊದಲೇ ಗೊತ್ತಾಗಲಿ.

ಹಂತ 8: ಕಲಸುವುದು

ನಮ್ಮ ಬೋರ್‌ವೆಲ್ ನೀರು ಗಡಸು. ಮೊದಲು ಒಂದು ಬಕೆಟ್ಟಿನಲ್ಲಿ ಸ್ವಲ್ಪ ಕಲಸಿ ಅರ್ಧ ಗಂಟೆ ಇಡಿ. ಗಂಟು ಕಟ್ಟಿದರೆ, ಮೊಸರು ಒಡೆದಂತೆ ಬೇರೆಯಾದರೆ, ಆ ನೀರು ಬೇಡ. ಟ್ಯಾಂಕರ್ ನೀರು ಅಥವಾ ಮಳೆ ನೀರು ತಗೊಳ್ಳಿ.

ಡಬ್ಬವನ್ನು ತಳದಿಂದ ಚೆನ್ನಾಗಿ ಕಲಕಿ, ಗಟ್ಟಿ ಭಾಗವೆಲ್ಲ ಅಲ್ಲೇ ಕೂತಿರುತ್ತದೆ. ಡ್ರಮ್ಮಿಗೆ ಮೊದಲು ನೀರು, ಆಮೇಲೆ ಮಾಲು, ನಿಧಾನಕ್ಕೆ. ಸಣ್ಣ ಕಣ್ಣಿನ ಜರಡಿ ಅಥವಾ ತೆಳು ಬಟ್ಟೆಯಲ್ಲಿ ಸೋಸಿ. ಹೊಡೆಯುವಷ್ಟು ಹೊತ್ತೂ ಡ್ರಮ್ಮಿನ ಹತ್ತಿರ ಒಬ್ಬರು ಕೋಲಿನಲ್ಲಿ ಕಲಕುತ್ತಲೇ ಇರಬೇಕು. ಕಲಕದಿದ್ದರೆ ಮೊದಲ ಬೇಗೂ ಕೊನೆಯ ಬೇಗೂ ಸಂಬಂಧವೇ ಇರುವುದಿಲ್ಲ. ಸಂಜೆ ಉಳಿದ ಮಿಶ್ರಣವನ್ನು ನಾಳೆಗೆ ಇಡಬೇಡಿ, ಆ ದಿನಕ್ಕೆ ಬೇಕಾದಷ್ಟೇ ಕಲಸಿ.

ಹಂತ 9: ಹೊಡೆಯುವುದು

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, 11ರ ಒಳಗೆ ನಿಲ್ಲಿಸಿ. ಆಮೇಲೆ ಶೀಟು ಕಾದಿರುತ್ತದೆ, ಹನಿ ಬಿದ್ದಲ್ಲೇ ಒಣಗಿ ಚುಕ್ಕೆ ಚುಕ್ಕೆಯಾಗುತ್ತದೆ. ಗಾಳಿ ಬೀಸುವ ದಿನ ಬೇಡ. ಅವತ್ತು, ಮಾರನೇ ದಿನ ಮಳೆ ಮುನ್ಸೂಚನೆ ಇರಬಾರದು.

ಪಂಪಿನ ಒತ್ತಡದಲ್ಲಿ ಔಷಧಿ ಹೊಡೆಯುವ ಎಚ್‌ಟಿಪಿ ಸ್ಪ್ರೇಯರ್ ಸಾಕು, ಆದರೆ ಟ್ಯಾಂಕು, ಪೈಪು, ಗನ್ನು ಎಲ್ಲ ಮೂರು ಸಲ ತೊಳೆದಿರಬೇಕು, ಅದರಲ್ಲೂ ಕಳೆನಾಶಕ ಹೊಡೆದ ಪೈಪಾಗಿದ್ದರೆ ಅದನ್ನು ಮುಟ್ಟಲೇಬೇಡಿ. ನಾಜಲ್ ಬೀಸಣಿಗೆಯಂತೆ ಅಗಲವಾಗಿ ಬರಲಿ. ಒಂದೇ ಧಾರೆಯಾಗಿ ಹೊಡೆದರೆ ಗೆರೆ ಬೀಳುತ್ತದೆ.

ಕ್ರಮ ಹೀಗೆ. ಗಟರಿನ ಒಂದು ತುದಿಯಿಂದ ಶುರು ಮಾಡಿ ಹಿಂದಕ್ಕೆ ನಡೆಯುತ್ತಾ, ಮೇಲಿನ ನೆತ್ತಿಯಿಂದ ಕೆಳಕ್ಕೆ ಗನ್ನು ಬೀಸಬೇಕು. ಈ ಗಟರಿನಿಂದ ಒಂದು ತೆಳು ಕೈ ಮುಗಿದು, ಅದು ಒಣಗಿದ ಮೇಲೆ ಆ ಕಡೆಯ ಗಟರಿನಿಂದ ಮಿಕ್ಕರ್ಧ. ಎರಡೂ ಕಡೆಯಿಂದ ಬಂದು ನೆತ್ತಿಯಲ್ಲಿ ಸೇರಿದರೆ ಪೈಪಿನ ಹಿಂದೆ ಬಿಟ್ಟುಹೋದ ಜಾಗ ಇರುವುದಿಲ್ಲ. ಮೇಲಿನ ಕಿಂಡಿಯ ನೆಟ್ ಮೇಲೆ ಒಂದು ಹನಿಯೂ ಬೀಳಬಾರದು, ಬಿದ್ದರೆ ನೆಟ್ಟಿನ ಕಣ್ಣು ಕಟ್ಟಿಕೊಂಡು, ಹಂತ 1ರಲ್ಲಿ ಮಾಡಿದ ಕೆಲಸವೆಲ್ಲ ವ್ಯರ್ಥ. ಕಿಂಡಿಯ ಹತ್ತಿರ ಹಳೆ ಶೀಟಿನ ತುಂಡು ಅಡ್ಡ ಹಿಡಿದುಕೊಂಡು ಹೊಡೆಯಿರಿ.

ಒಂದು ಬೇ ಆದ ಕೂಡಲೇ ಕೆಳಗಿಳಿದು, ಡ್ರಮ್ಮಿನಲ್ಲಿ ಎಷ್ಟು ಖರ್ಚಾಯಿತು ನೋಡಿ. ಲೆಕ್ಕದ ಪ್ರಕಾರ ಒಂದು ಕೈಗೆ 20 ಲೀಟರ್ ಆಗಬೇಕಾಗಿದ್ದಲ್ಲಿ 30 ಆಗಿದ್ದರೆ ನಡಿಗೆ ನಿಧಾನವಾಗಿದೆ. ಗಟರಿನಲ್ಲಿ ಬಿಳಿ ನೀರು ಹರಿಯುತ್ತಿದ್ದರೆ ಹೊಡೆತ ಜಾಸ್ತಿಯಾಗಿದೆ. ಪಶ್ಚಿಮದ ಪಕ್ಕಕ್ಕೆ ಸಂಜೆ ಬಿಸಿಲು ಹೊಡೆಯುತ್ತದೆ ಅಂತ ಕರ್ಟನ್‌ಗೆ ಹೊಡೆಯಬೇಡಿ. ಅದು ಸುತ್ತಿಕೊಳ್ಳುವಾಗ ಎಲ್ಲ ಉದುರುತ್ತದೆ. ಅಲ್ಲಿ ಹೊರಗಡೆ ಒಂದು ಸಾಲು ನೆಟ್ ಕಟ್ಟಿದರೆ ಸಾಕು.

ಹಂತ 10: ಮೊದಲ ಎರಡು ವಾರ ಒಳಗೆ ಏನು ಬದಲಿಸಬೇಕು

ನೀರು ಕಡಿಮೆ ಮಾಡಿ. ಬಿಸಿಲು ತಗ್ಗಿದ ಮೇಲೆ ಗಿಡ ಕುಡಿಯುವುದೂ ತಗ್ಗುತ್ತದೆ. ಡ್ರಿಪ್ ಮಾತ್ರ ಹಳೆಯ ಲೆಕ್ಕದಲ್ಲೇ ಓಡುತ್ತಿದ್ದರೆ ಬೆಡ್ ಯಾವಾಗಲೂ ಹಸಿ, ಬೇರು ಕೊಳೆ, ಆಮೇಲೆ "ಕೋಟಿಂಗ್ ಹೊಡೆದ ಮೇಲೆ ಗಿಡ ಸಾಯ್ತಿದೆ" ಅನ್ನುವ ಫೋನು. ಬೆಡ್ಡಿನಲ್ಲಿ ನಾಲ್ಕು ಬೆರಳು ಆಳ ಅಗೆದು ಮಣ್ಣು ಹಿಂಡಿ ನೋಡಿ, ನೀರು ಜಿನುಗಿದರೆ ಡ್ರಿಪ್ ನಿಮಿಷ ಕಡಿಮೆ ಮಾಡಿ. ಫಾಗರ್ (ಮಂಜಿನಂತೆ ನೀರು ಚಿಮ್ಮಿಸುವ ಸಾಧನ) ಇದ್ದವರು ಅದರ ಸಮಯವನ್ನೂ ತಗ್ಗಿಸಿ.

ಎರಡು ಮೂರು ದಿನಕ್ಕೊಮ್ಮೆ ಅದೇ ಐದು ಜಾಗದಲ್ಲಿ, ಅದೇ ಹೊತ್ತಿಗೆ ಲಕ್ಸ್, ಗಾಳಿಯ ಬಿಸಿ, ಎಲೆಯ ಬಿಸಿ ಬರೆದಿಡಿ. ಗಾಳಿಯ ಬಿಸಿಯಲ್ಲಿ ಹತ್ತು ಡಿಗ್ರಿ ಇಳಿಕೆ ನಿರೀಕ್ಷಿಸಬೇಡಿ. ಗಾಳಿ ಚೆನ್ನಾಗಿ ಆಡುವ ಮನೆಯಲ್ಲಿ ಅದು ಕೆಲವೇ ಡಿಗ್ರಿ. ಮೇಲಿನ ಎಲೆ, ಕಾಯಿ, ಬೆಡ್ಡಿನ ಶೀಟಿನ ಬಿಸಿಯಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಬೆಳೆಗೆ ಲಾಭವೂ ಅಲ್ಲೇ.

ಎಚ್ಚರಿಕೆ ಕೊಡುವ ಲಕ್ಷಣಗಳು

ಕತ್ತಲು ಜಾಸ್ತಿಯಾಗಿದ್ದರೆ ಗೆಣ್ಣಿಂದ ಗೆಣ್ಣಿಗೆ ಅಂತರ ಹಿಗ್ಗುತ್ತದೆ, ಕಾಂಡ ಸಣಕಲು, ಎಲೆ ಅಗಲವಾಗಿ ತೆಳ್ಳಗಾಗಿ ಕಡು ಹಸಿರು. ಜರ್ಬೆರಾದಲ್ಲಿ ಎಲೆಯೇ ಜಾಸ್ತಿ, ಹೂವಿನ ದಂಟು ಮೆತ್ತಗೆ. ಬೂದಿ ರೋಗವೂ ಈ ನೆರಳಿನಲ್ಲಿ ಹೆಚ್ಚುತ್ತದೆ.

ಬಿಸಿಲು ಇನ್ನೂ ಜಾಸ್ತಿ ಇದ್ದರೆ ಮಧ್ಯಾಹ್ನ ಎಲೆ ದೊನ್ನೆಯಂತೆ ಮೇಲಕ್ಕೆ ಮಡಚುತ್ತದೆ, ಬಿಸಿಲಿಗೆ ತೆರೆದ ಕಾಯಿಯ ಒಂದು ಕಡೆ ಬಿಳಿಚಿ ಕಾಗದದಂತೆ ಆಗುತ್ತದೆ, ನುಸಿ ಮತ್ತು ಥ್ರಿಪ್ಸ್ ಏರುತ್ತವೆ.

ಹೂವು ಉದುರುವುದು ಮಾತ್ರ ಎರಡರಲ್ಲೂ ಇದೆ, ಅದೊಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಗೆಣ್ಣಿನ ಅಂತರ ನೋಡಿ. ಇನ್ನೊಂದು ಸಂಗತಿ, ಕ್ಯಾಪ್ಸಿಕಂನಲ್ಲಿ ರಾತ್ರಿ ಬಿಸಿ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೂ ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಅದಕ್ಕೆ ಕೋಟಿಂಗ್ ಏನೂ ಮಾಡಲಾರದು. ರಾತ್ರಿ ಕರ್ಟನ್ ಮುಚ್ಚುವ ಅಭ್ಯಾಸ ಇದ್ದರೆ ಏಪ್ರಿಲ್, ಮೇನಲ್ಲಿ ಬಿಟ್ಟುಬಿಡಿ.

ಹಂತ 11: ತೆಗೆಯುವುದು

ಮೇ ಕೊನೆಯ ವಾರ ತೆಗೆಯಿರಿ. "ಮಳೆಗೆ ತಾನೇ ಹೋಗುತ್ತೆ" ಅಂತ ಬಿಟ್ಟವರು ಜೂನ್, ಜುಲೈ ಬೆಳೆ ಕಳೆದುಕೊಳ್ಳುತ್ತಾರೆ. ಮೋಡದ ದಿನ ಹೊರಗೆ 30,000 ಲಕ್ಸ್ ಇದ್ದರೆ, 78 ಪರ್ಸೆಂಟ್ ಶೀಟು, 75 ಪರ್ಸೆಂಟ್ ಕೋಟಿಂಗ್ ದಾಟಿ ಒಳಗೆ ಬರುವುದು ಸುಮಾರು 17,500. ಆಂಥೂರಿಯಂಗೆ ಸಾಕು, ಕ್ಯಾಪ್ಸಿಕಂಗೆ ಸಾಲದು.

ಅದೇ ಕಂಪನಿಯ ತೆಗೆಯುವ ದ್ರಾವಣವನ್ನೇ ಬಳಸಿ, ಒಂದರ ಕೋಟಿಂಗ್‌ಗೆ ಇನ್ನೊಂದರ ದ್ರಾವಣ ಕೆಲಸ ಮಾಡುತ್ತದೆ ಅಂತ ಹೇಳಲಾಗುವುದಿಲ್ಲ. ಹೊಂಡದ ಪೈಪು ಮತ್ತೆ ಬಿಚ್ಚಿ. ಒಣ ಶೀಟಿನ ಮೇಲೆ, ಬಿಸಿಲು ಏರುವ ಮೊದಲು ದ್ರಾವಣ ಹೊಡೆದು, ಲೇಬಲ್ಲಿನಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಮೇಲಿನಿಂದ ನೀರು ಹಾಯಿಸಿ ಮೆತ್ತನೆ ಬ್ರಶ್ಶಿನಲ್ಲಿ ಒರೆಸಿ. ಆಳುಗಳಿಗೆ ಕನ್ನಡಕ, ಗ್ಲೌಸ್ ಇರಲಿ. ಟಾಯ್ಲೆಟ್ ಆ್ಯಸಿಡ್ ಹಾಕಿದರೆ ಬೇಗ ಹೋಗುತ್ತೆ ಅಂತ ಆಳುಗಳು ಹೇಳುತ್ತಾರೆ, ಕೇಳಬೇಡಿ. ಆ್ಯಸಿಡ್ ಗಟರಿನ ಸತುವನ್ನು ತಿಂದುಹಾಕುತ್ತದೆ.

ಒಂದೇ ದಿನ ಎಲ್ಲ ತೆಗೆದು ಮಾರನೇ ದಿನ ಸುಡುಬಿಸಿಲು ಬಂದರೆ ನೆರಳಿಗೆ ಒಗ್ಗಿದ ಎಲೆ ಸುಡುತ್ತದೆ. ಮೋಡದ ದಿನ ನೋಡಿ ತೆಗೆಯಿರಿ, ಇಲ್ಲವೇ ತೆಗೆದ ಮೇಲೆ ನಾಲ್ಕೈದು ದಿನ ಮಧ್ಯಾಹ್ನ ಒಳಗಿನ ನೆಟ್ ಎಳೆದು, ದಿನಕ್ಕೊಂದು ಗಂಟೆ ಕಡಿಮೆ ಮಾಡುತ್ತಾ ಬನ್ನಿ. ಡ್ರಿಪ್ ನಿಮಿಷವನ್ನೂ ಅದರ ಜೊತೆಗೇ ಮೇಲಕ್ಕೆ ತನ್ನಿ.

ಕೊನೆಯಲ್ಲಿ ಮತ್ತೊಮ್ಮೆ ಐದು ಜಾಗದಲ್ಲಿ ಲಕ್ಸ್ ಅಳೆದು, ಹಂತ 2ರಲ್ಲಿ ತೊಳೆದ ಶೀಟಿಗೆ ಬಂದ ಅಂಕಿಯ ಪಕ್ಕದಲ್ಲಿ ಬರೆಯಿರಿ. 78ರ ಜಾಗದಲ್ಲಿ 76, 77 ಬಂದರೆ ಸರಿ. 70 ಬಂದರೆ ಇನ್ನೂ ಕೋಟಿಂಗ್ ಉಳಿದಿದೆ, ನೆತ್ತಿಯ ಹತ್ತಿರ ಕೈ ಎಟುಕದ ಕಡೆ ಇರುತ್ತದೆ, ಅಲ್ಲಿಗೆ ಮತ್ತೊಮ್ಮೆ ದ್ರಾವಣ ಹೊಡೆಸಿ.